ಪಾಪರ್ ಚೀಟಿ: ಕಳಂಕವೋ, ಕಾನೂನಿನ ಆಸರೆಯೋ?

ನಮ್ಮ ಆಡುಮಾತಿನಲ್ಲಿ ‘ಪಾಪರ್ ಚೀಟಿ’ ಎಂಬ ಶಬ್ದಕ್ಕೆ ಅಂಟಿಕೊಂಡಿರುವಷ್ಟು ಅಪಮಾನ ಬೇರೆ ಶಬ್ದಗಳಿಗೆ ಇರಲಾರದು. ‘ಆ ಮನೆಯವರು ಪಾಪರ್ ಆದರು’ ಎಂದರೆ ಆ ಕುಟುಂಬದ ಕಥೆ ಮುಗಿಯಿತೆಂದೇ ಜನರ ಲೆಕ್ಕ. ಕಡುಬಡವ ಎಂಬ ಅರ್ಥದ ಇಂಗ್ಲಿಷ್ ಪದವೊಂದು ಕೋರ್ಟು ಕಚೇರಿಗಳ ಮೂಲಕ ಕನ್ನಡಕ್ಕಿಳಿದು, ಕೇಳುವವರ ಕಿವಿಯಲ್ಲಿ ‘ಪಾಪ’ ಎಂಬ ಪದದ ನೆರಳನ್ನೂ ಹೊತ್ತುಕೊಂಡಿರುವುದು ವಿಚಿತ್ರವೇ ಸರಿ. ಕಾನೂನಿನಲ್ಲಿ ಇವು ಎರಡು ಬೇರೆ ಬೇರೆ ಸಂಗತಿಗಳು. ದಾವೆ ಹೂಡಲು ನ್ಯಾಯಾಲಯದ ಶುಲ್ಕ ಕಟ್ಟಲಾಗದ ಬಡವನಿಗೆ ಶುಲ್ಕವಿಲ್ಲದೆ ದಾವೆ ಹೂಡುವ ಅವಕಾಶ ನೀಡುವುದು ಒಂದು. ಸಾಲ ತೀರಿಸಲಾರದವನನ್ನು ದಿವಾಳಿಯೆಂದು ಘೋಷಿಸುವುದು ಇನ್ನೊಂದು. ಇಲ್ಲಿ ವಿಚಾರ ಮಾಡಬೇಕಾಗಿರುವುದು ಎರಡನೆಯದನ್ನು ಕುರಿತು.

ಸಾಲದಲ್ಲಿ ಮುಳುಗಿದ ಕುಟುಂಬಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಮೌನದ್ದು. ಭಾನುವಾರದ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ಮುಗಿಯುವ ಮೊದಲೇ ಎದ್ದು ಹೋಗುವುದು. ವಾಡೆಯ ಗುರ್ಕಾರರು ಮನೆಗೆ ಬಂದರೆ ಬಾಗಿಲು ತೆರೆಯದಿರುವುದು. ಕೊನೆಗೊಂದು ದಿನ ಮನೆಗೆ ಬೀಗ ಜಡಿದು ಕಾಣೆಯಾಗುವುದು. ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಗಳನ್ನು 2025ರ ಆರಂಭದ ತಿಂಗಳುಗಳಲ್ಲಿ ರಾಜ್ಯದ ಪತ್ರಿಕೆಗಳು ಪದೇ ಪದೇ ಪ್ರಕಟಿಸಬೇಕಾಯಿತು. ಸಾಲ ಎಷ್ಟೇ ದೊಡ್ಡದಿರಲಿ, ಅದನ್ನು ಎದುರಿಸಲು ನಮ್ಮ ಕಾನೂನಿನಲ್ಲಿ ಹಂತ ಹಂತವಾದ ದಾರಿಗಳಿವೆ. ಅವೆಲ್ಲವೂ ಬಚ್ಚಿಟ್ಟವನಿಗಿಂತ ಬಿಚ್ಚಿಟ್ಟವನಿಗೇ ಹೆಚ್ಚು ರಕ್ಷಣೆ ನೀಡುತ್ತವೆ ಎಂಬುದು ಬಹು ಮಂದಿಗೆ ತಿಳಿದಿಲ್ಲ.

ನಮ್ಮ ಮನೆಗಳಲ್ಲಿ ಸಾಲ ಹುಟ್ಟುವ ಸಂದರ್ಭಗಳು ಎಲ್ಲರಿಗೂ ಗೊತ್ತಿರುವಂಥವು. ಮಗಳ ಮದುವೆ, ಅದಕ್ಕೂ ಮೊದಲು ಮದುವೆಯಷ್ಟೇ ಆಡಂಬರದ ರೋಸ್, ಕೊಲ್ಲಿ ದೇಶದಿಂದ ಬರುವ ಹಣವನ್ನು ನಂಬಿ ಎಬ್ಬಿಸಿದ ಎರಡು ಅಂತಸ್ತಿನ ಮನೆ, ಮಕ್ಕಳ ನರ್ಸಿಂಗ್ ಶಿಕ್ಷಣ, ಆಸ್ಪತ್ರೆಯ ಬಿಲ್ಲು. ಕೊನೆಯ ಎರಡನ್ನು ಬಿಟ್ಟರೆ ಉಳಿದವುಗಳಲ್ಲಿ ನೆರೆಯವರ ಕಣ್ಣಿಗೆ ಹೆದರಿ ಮಾಡಿದ ಖರ್ಚಿನ ಪಾಲು ಸಣ್ಣದಲ್ಲ. ಈ ಮಾತು ಕೆಲವರಿಗೆ ಕಹಿಯೆನಿಸಬಹುದು.

ಬಡ್ಡಿಯ ಲೆಕ್ಕವನ್ನು ನಾವು ‘ನೂರಕ್ಕೆ ಇಷ್ಟು’ ಎಂದು ತಿಂಗಳಿಗೆ ಹೇಳಿಕೊಳ್ಳುವುದರಿಂದಲೇ ಅರ್ಧ ಅನಾಹುತ. ನೂರಕ್ಕೆ ಐದು ರೂಪಾಯಿ ಎಂದಾಗ ಸಣ್ಣದೆನಿಸುವ ಬಡ್ಡಿ ವರ್ಷಕ್ಕೆ ಶೇಕಡಾ 60 ಆಗುತ್ತದೆ. 50,000 ರೂಪಾಯಿ ಪಡೆದವನು ತಿಂಗಳಿಗೆ 2,500ರಂತೆ ಇಪ್ಪತ್ತು ತಿಂಗಳು ತೆತ್ತರೆ ಪಡೆದಷ್ಟನ್ನು ಪೂರ್ತಿ ಹಿಂತಿರುಗಿಸಿದಂತಾಯಿತು. ಆದರೆ ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಬ್ಯಾಂಕಿನ ಕ್ರೆಡಿಟ್ ಕಾರ್ಡುಗಳು ಸಭ್ಯವಾಗಿ ಕಂಡರೂ ತಿಂಗಳಿಗೆ ಶೇಕಡಾ 3ರಿಂದ 3.5ರವರೆಗೆ ಬಡ್ಡಿ ಹೇರುವುದು ಸಾಮಾನ್ಯ. ಆದುದರಿಂದ ಹಲವು ಸಾಲಗಳಿರುವ ಮನೆಯವರು ಗಂಡ ಹೆಂಡಿರು ಜೊತೆಗೆ ಕುಳಿತು ಮೊದಲು ಬರೆಯಬೇಕಾದುದು ಒಂದೇ ಪಟ್ಟಿ: ಯಾರಿಗೆ, ಎಷ್ಟು, ವಾರ್ಷಿಕ ಬಡ್ಡಿ ಎಷ್ಟು, ಯಾವ ಸೊತ್ತು ಅಡವಿದೆ, ಯಾರು ಜಾಮೀನು ನಿಂತಿದ್ದಾರೆ. ಹೆಂಡತಿಗೆ ತಿಳಿಯದ ಸಾಲ ಈ ಪಟ್ಟಿಯಲ್ಲಿ ಸೇರದಿದ್ದರೆ ಪಟ್ಟಿ ಮಾಡಿ ಪ್ರಯೋಜನವಿಲ್ಲ. ಕಪಾಟಿನಲ್ಲಿರುವ ಚಿನ್ನವನ್ನು ಮಾರಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು ಲೆಕ್ಕಕ್ಕೆ ಸರಿ. ಒಂದು ಸಾಲ ತೀರಿಸಲು ಮತ್ತೊಂದು ಕೈಸಾಲ ಮಾಡುವುದು ಎಂದಿಗೂ ಸರಿಯಲ್ಲ.

ಜಾಮೀನಿನ ವಿಷಯದಲ್ಲಿ ತುಸು ನಿಲ್ಲಬೇಕಾಗಿದೆ. ಭಾವನ ಸಾಲಕ್ಕೆ ಭಾವ, ಪಿತೃಪುತ್ರ ಸಂಬಂಧದ ನೆಪದಲ್ಲಿ ಪಾದ್ವ, ಒಂದೇ ವಾಡೆಯವರೆಂಬ ದಾಕ್ಷಿಣ್ಯಕ್ಕೆ ನೆರೆಯವ, ಹೀಗೆ ನಮ್ಮಲ್ಲಿ ಸಹಿ ಹಾಕುವುದು ಬಾಂಧವ್ಯದ ಗುರುತಾಗಿದೆ. ‘ಸುಮ್ಮನೆ ಒಂದು ಸಹಿ’ ಎಂದು ಕೇಳುವವರೂ ಹಾಗೆಯೇ ನಂಬಿರುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ಸಾಲಗಾರನ ಸೊತ್ತೆಲ್ಲ ಮುಗಿದ ಬಳಿಕವೇ ಜಾಮೀನುದಾರನ ಕಡೆ ಬರಬೇಕೆಂಬ ನಿಯಮವಿಲ್ಲ. ಬ್ಯಾಂಕು ನೇರವಾಗಿ ಆತನನ್ನೇ ಕೇಳಬಹುದು. ಅಷ್ಟೇಕೆ, ಸಾಲಗಾರ ದಿವಾಳಿಯೆಂದು ಘೋಷಿತನಾಗಿ ಮುಕ್ತನಾದರೂ ಜಾಮೀನುದಾರ ಮುಕ್ತನಾಗುವುದಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಅವನು ಕಟ್ಟುತ್ತಾನೆಯೇ?’ ಎಂಬುದಲ್ಲ, ‘ಅವನು ಕಟ್ಟದಿದ್ದರೆ ನನ್ನಿಂದ ಆದೀತೇ?’ ಎಂಬುದು.

ಬಾಗಿಲಿಗೆ ಬಂದವರು

ಕಂತು ತಪ್ಪಿದೊಡನೆ ಬ್ಯಾಂಕಿಗೆ ಹೋಗಲು ಹಿಂಜರಿಯುವವರೇ ಹೆಚ್ಚು. ಆದರೆ ಅವಧಿ ವಿಸ್ತರಣೆ, ಕಂತಿನ ಮರುಹೊಂದಾಣಿಕೆ, ಏಕಕಾಲಿಕ ತೀರುವಳಿ ಮುಂತಾದ ಏರ್ಪಾಡುಗಳೆಲ್ಲ ಸಾಲಗಾರನೇ ಎದುರು ಬಂದು ಕೇಳಿದಾಗ ಸಾಧ್ಯವಾಗುವಂಥವು. ಒಪ್ಪಂದ ಏನೇ ಆಗಲಿ, ಲಿಖಿತವಾಗಿರಬೇಕು. ಹಣ ಕಟ್ಟಿದ ಬಳಿಕ ಬಾಕಿಯಿಲ್ಲವೆಂಬ ಪತ್ರವನ್ನು ಪಡೆಯಬೇಕು. ಕಡಿಮೆ ಹಣಕ್ಕೆ ತೀರುವಳಿ ಮಾಡಿಕೊಂಡರೆ ಅದು ಸಾಲದ ದಾಖಲೆಯಲ್ಲಿ ಉಳಿದು ಮುಂದಿನ ಸಾಲಕ್ಕೆ ತೊಡಕಾಗುವುದೂ ಉಂಟು. ತಿಳಿದು ಮಾಡಿದರೆ ತಪ್ಪೇನಿಲ್ಲ.

ವಸೂಲಿಗೆಂದು ಬರುವವರಿಗೂ ಕಟ್ಟುಪಾಡುಗಳಿವೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ಸಾಲಗಾರನಿಗೆ ಕರೆ ಮಾಡಬಾರದು, ಆತನ ಕುಟುಂಬದವರನ್ನಾಗಲಿ ಸ್ನೇಹಿತರನ್ನಾಗಲಿ ಅವಮಾನಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಸೂಚಿಸಿತು. ಮೀರಿದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು. ಮೂವತ್ತು ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ನೋಂದಣಿಯಿಲ್ಲದೆ ಸಾಲ ನೀಡಿ ಪೀಡಿಸುವವರ ವಿರುದ್ಧ ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬೆದರಿಕೆ, ಹಿಂಬಾಲಿಸುವಿಕೆ, ಮನೆಯ ಸಾಮಾನು ಹೊತ್ತೊಯ್ಯುವುದು ಈಗ ಕಠಿಣ ಶಿಕ್ಷೆಗೆ ಗುರಿಪಡಿಸುವ ಅಪರಾಧಗಳು.

ನ್ಯಾಯಾಲಯದಲ್ಲಿ ಡಿಕ್ರಿಯಾದರೂ ಸಾಲಗಾರನ ಮನೆಯನ್ನು ಬರಿದು ಮಾಡಲು ಕಾನೂನು ಬಿಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿ ಮಾಡಬಾರದ ವಸ್ತುಗಳನ್ನು ಹೆಸರಿಸುತ್ತದೆ. ಸಾಲಗಾರನ, ಆತನ ಹೆಂಡತಿ ಮಕ್ಕಳ ಉಡುಪು, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರು, ರೈತನ ನೇಗಿಲು, ಉಳುವ ಜಾನುವಾರು, ಬೀಜದ ಧಾನ್ಯ, ರೈತ, ಕೂಲಿಕಾರ ಮತ್ತು ಮನೆಗೆಲಸದವರು ವಾಸಿಸುವ ಸ್ವಂತ ಮನೆ, ಭವಿಷ್ಯನಿಧಿ. ಸಂಬಳದಲ್ಲಿ ಮೊದಲ ಒಂದು ಸಾವಿರ ರೂಪಾಯಿ ಹಾಗೂ ಉಳಿದುದರ ಮೂರನೆಯ ಎರಡು ಪಾಲನ್ನು ಸಾಮಾನ್ಯ ಸಾಲಕ್ಕಾಗಿ ಮುಟ್ಟುವಂತಿಲ್ಲ. ಅಡವಿಟ್ಟ ಸೊತ್ತಿಗೆ ಮಾತ್ರ ಈ ರಕ್ಷಣೆ ಅನ್ವಯಿಸದು.

ಇನ್ನು ಸೆರೆಮನೆಯ ಭಯ. ಕೊಚ್ಚಿಯ ಬ್ಯಾಂಕೊಂದಕ್ಕೆ ಹಣ ಬಾಕಿಯಿದ್ದ ಕೇರಳದ ಇಬ್ಬರು ಸಾಲಗಾರರ ಬಂಧನಕ್ಕೆ ವಾರಂಟು ಹೊರಟಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1980ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪು, ಕಾನೂನು ವಿದ್ಯಾರ್ಥಿಗಳಿಗೆ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣವೆಂದು ಪರಿಚಿತವಾದದ್ದು, ಒಂದು ಮಾತನ್ನು ಇತ್ಯರ್ಥಗೊಳಿಸಿತು. ಬಡತನದಿಂದಾಗಿ ಸಾಲ ತೀರಿಸಲಾರದವನನ್ನು ಸೆರೆಗೆ ತಳ್ಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ. ಹಣವಿದ್ದೂ ಕೊಡದೆ ವಂಚಿಸುವ ದುರುದ್ದೇಶ ಸಾಬೀತಾದರೆ ಮಾತ್ರ ಬಂಧನ ನ್ಯಾಯ್ಯ. ಹಣದ ಡಿಕ್ರಿಗಾಗಿ ಮಹಿಳೆಯನ್ನಂತೂ ಬಂಧಿಸುವಂತೆಯೇ ಇಲ್ಲ. ಚೆಕ್ಕಿನ ಮಾತು ಬೇರೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ ನೋಟೀಸು ತಲಪಿದ 15 ದಿನಗಳೊಳಗೆ ಹಣ ಕೊಡಬೇಕು. ಇಲ್ಲವಾದರೆ ಎರಡು ವರ್ಷಗಳವರೆಗಿನ ಸಜೆ, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗಿನ ದಂಡ ವಿಧಿಸಬಹುದಾದ ಕ್ರಿಮಿನಲ್ ಪ್ರಕರಣ ಅದು. ಬಡ್ಡಿಗೆ ಹಣ ಕೊಡುವವರು ಸಹಿ ಮಾಡಿದ ಖಾಲಿ ಚೆಕ್ಕನ್ನು ಮೊದಲೇ ಕೇಳುವುದು ಇದೇ ಕಾರಣಕ್ಕೆ. ಅದನ್ನು ಕೊಡಲೇಬಾರದು.

ಮನೆಯನ್ನೇ ಅಡವಿಟ್ಟಿದ್ದರೆ ಬ್ಯಾಂಕು ದಾವೆ ಹೂಡದೆಯೇ 2002ರ ಸರ್ಫೇಸಿ ಕಾಯಿದೆಯನ್ವಯ ಕೈಗೊಳ್ಳಬಹುದು. ಇಲ್ಲಿ ದಿನಗಳ ಲೆಕ್ಕವೇ ಮುಖ್ಯ. ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಅನುತ್ಪಾದಕವೆನಿಸುತ್ತದೆ. ಆ ಬಳಿಕ 60 ದಿನಗಳ ನೋಟೀಸು ಬರುತ್ತದೆ. ಈ ಅವಧಿಯಲ್ಲಿ ಆಕ್ಷೇಪ ಬರೆದು ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತ ಉತ್ತರಿಸಬೇಕು. ಸ್ವಾಧೀನದ ಕ್ರಮ ಜರಗಿದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿನ ಪ್ರಕಟಣೆ ಹೊರಡುವ ಮೊದಲೇ ಬಾಕಿ ಕಟ್ಟಿದರೆ ಮನೆ ಉಳಿಯುತ್ತದೆ. ನೋಟೀಸಿನ ಲಕೋಟೆಯನ್ನು ಒಡೆಯದೆ ಕಪಾಟಿನಲ್ಲಿಡುವವರು ಕಳೆದುಕೊಳ್ಳುವುದು ಈ ದಿನಗಳನ್ನೇ. ಮನೆಯನ್ನು ಹರಾಜಿಗೆ ಬಿಡುವ ಬದಲು ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಮಾರಿದರೆ ಸಾಮಾನ್ಯವಾಗಿ ಹೆಚ್ಚು ಬೆಲೆ ಬರುತ್ತದೆ. ಕೃಷಿ ಭೂಮಿ ಈ ಕಾಯಿದೆಯಿಂದ ಹೊರಗಿದೆ. ಆದರೆ ಅಲ್ಲಿ ವಾಸ್ತವವಾಗಿ ಕೃಷಿ ನಡೆಯುತ್ತಿರಬೇಕು, ಮತ್ತು ಬೇರೆ ಕಾನೂನುಗಳ ಮೂಲಕ ವಸೂಲಿಗೆ ಅಡ್ಡಿಯಿಲ್ಲ.

ದಿವಾಳಿ ಅರ್ಜಿ

ಇದಾವುದೂ ಸಾಲದೆ, ಇರುವ ಸೊತ್ತೆಲ್ಲವನ್ನು ಮಾರಿದರೂ ಸಾಲ ತೀರದೆಂದು ಖಚಿತವಾದಾಗ ಉಳಿಯುವ ದಾರಿ ದಿವಾಳಿ ಅರ್ಜಿ. ಮಂಗಳೂರು, ಉಡುಪಿ, ಬೆಂಗಳೂರು ಮಾತ್ರವಲ್ಲ, ಕರ್ನಾಟಕದ ಎಲ್ಲ ಕಡೆಯವರಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಮುಂಬಯಿಯಲ್ಲಿ ನೆಲೆಸಿರುವ ನಮ್ಮವರಿಗೆ 1909ರ ಇನ್ನೊಂದು ಕಾಯಿದೆ ಇದ್ದು, ಅದರ ಅರ್ಜಿಗಳು ಹೈಕೋರ್ಟಿನ ಮುಂದೆ ಬರುತ್ತವೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಜಾರಿಗೆ ಬಂದುದನ್ನು ಓದುಗರು ಕೇಳಿರಬಹುದು. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು ಸರಕಾರ 2019ರ ಡಿಸೆಂಬರ್ 1ರಿಂದ ಕಂಪೆನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಜಾರಿಗೊಳಿಸಿದೆ. ತೀರ ಬಡವರ ಸಣ್ಣ ಸಾಲಗಳನ್ನು ಮನ್ನಾ ಮಾಡುವ ‘ಹೊಸ ಆರಂಭ’ದ ಅಧ್ಯಾಯವೂ ಅದರಲ್ಲಿದೆ: ವಾರ್ಷಿಕ ಆದಾಯ 60,000, ಸೊತ್ತು 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು. ಅದು ಪುಸ್ತಕದಲ್ಲಷ್ಟೇ ಉಳಿದಿದೆ. ಆದುದರಿಂದ ಸಾಮಾನ್ಯ ಸಂಸಾರಿಗೆ ಇಂದಿಗೂ ಆಸರೆಯಾಗಬೇಕಾದುದು ನೂರು ವರ್ಷ ದಾಟಿದ ಹಳೆಯ ಕಾಯಿದೆಯೇ.

ಸಾಲ ತೀರಿಸಲು ಅಶಕ್ತನಾಗಿದ್ದು, 500 ರೂಪಾಯಿಗಳಷ್ಟು ಸಾಲವಿದ್ದರೆ ಸಾಕು, ಸಾಲಗಾರ ಸ್ವತಃ ಅರ್ಜಿ ಸಲ್ಲಿಸಬಹುದು. 1920ರ ಆ ಮೊತ್ತ ಇಂದು ನಗು ತರಿಸುತ್ತದೆ. ಅರ್ಜಿ ಹೋಗಬೇಕಾದುದು ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಈ ಅಧಿಕಾರ ಪಡೆದಿರುವ ಅಧೀನ ನ್ಯಾಯಾಲಯಕ್ಕೆ. ಅದರಲ್ಲಿ ಸಾಲ ಕೊಟ್ಟವರೆಲ್ಲರ ಹೆಸರು, ವಿಳಾಸ, ಮೊತ್ತ, ತನ್ನ ಸಮಸ್ತ ಸೊತ್ತಿನ ವಿವರ, ಅದೆಲ್ಲವನ್ನೂ ನ್ಯಾಯಾಲಯದ ವಶಕ್ಕೆ ಒಪ್ಪಿಸುವ ಸಿದ್ಧತೆ ಇರಬೇಕು. ನ್ಯಾಯಾಲಯ ಒಪ್ಪಿ ದಿವಾಳಿಯೆಂದು ಘೋಷಿಸಿದೊಡನೆ ಸೊತ್ತು ರಿಸೀವರನ ಕೈಗೆ ಹೋಗುತ್ತದೆ; ಮೇಲೆ ಹೇಳಿದ ಜಪ್ತಿಗೆ ಹೊರತಾದ ವಸ್ತುಗಳು ಮಾತ್ರ ಮನೆಯಲ್ಲುಳಿಯುತ್ತವೆ. ಅಂದಿನಿಂದ ನ್ಯಾಯಾಲಯದ ಅನುಮತಿಯಿಲ್ಲದೆ ಯಾವ ಸಾಲಿಗನೂ ಆ ಸಾಲಗಳಿಗಾಗಿ ಪ್ರತ್ಯೇಕ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯ ಆದೇಶವನ್ನೂ ಬೇಡಬಹುದು. ಅಡವು ಹಿಡಿದವರ ಹಕ್ಕಿಗೆ ಮಾತ್ರ ಚ್ಯುತಿಯಿಲ್ಲ. ಅಡವಿಟ್ಟ ಮನೆಯನ್ನು ದಿವಾಳಿ ಅರ್ಜಿ ಉಳಿಸಿಕೊಡಲಾರದು.

ಹೆಚ್ಚಿನವರು ಎಡವುವುದು ಅರ್ಜಿಗೆ ಮೊದಲಿನ ದಿನಗಳಲ್ಲಿ. ಸಾಲಿಗರ ಕೈಗೆ ಸಿಗದಿರಲೆಂದು ಮನೆಯನ್ನು ಹೆಂಡತಿಯ ಇಲ್ಲವೆ ಮಗನ ಹೆಸರಿಗೆ ದಾನಪತ್ರ ಬರೆದಿಡಲು ಸಲಹೆ ಕೊಡುವ ಹಿತೈಷಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಹೀಗೆ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯ ಎರಡು ವರ್ಷಗಳೊಳಗೆ ದಿವಾಳಿ ಅರ್ಜಿ ಬಂದು ಘೋಷಣೆಯಾದರೆ ನ್ಯಾಯಾಲಯ ಅದನ್ನು ರದ್ದುಗೊಳಿಸಬಹುದು. ಅಂತೆಯೇ ಉಳಿದವರನ್ನು ವಂಚಿಸಿ ಒಬ್ಬ ಸಾಲಿಗನಿಗೆ, ಅದು ಸ್ವಂತ ಅಣ್ಣನೇ ಆಗಿರಲಿ, ಮೊದಲು ತೀರಿಸಿಬಿಟ್ಟಿದ್ದರೆ, ಮೂರು ತಿಂಗಳೊಳಗಿನ ಅಂಥ ಪಾವತಿಯೂ ಬಿದ್ದುಹೋಗಬಹುದು. ಸೊತ್ತು ಅಥವಾ ಲೆಕ್ಕಪತ್ರ ಮರೆಮಾಚಿದವನಿಗೆ ಒಂದು ವರ್ಷದವರೆಗೆ ಸಜೆಯೂ ಉಂಟು.

ಘೋಷಣೆಯೇ ಬಿಡುಗಡೆಯಲ್ಲವೆಂಬುದನ್ನು ಒತ್ತಿ ಹೇಳಬೇಕು. ಘೋಷಣೆಯ ಆದೇಶದಲ್ಲಿ ನಮೂದಿಸಿದ ಅವಧಿಯೊಳಗೆ ಸಾಲಮುಕ್ತಿಗೆ ಬೇರೆಯೇ ಅರ್ಜಿ ಸಲ್ಲಿಸಬೇಕು. ಮರೆತರೆ ಘೋಷಣೆಯೇ ರದ್ದಾದೀತು. ರೂಪಾಯಿಗೆ ಐವತ್ತು ಪೈಸೆಯಷ್ಟೂ ಸೊತ್ತು ಹುಟ್ಟದಿದ್ದರೆ, ಅದಕ್ಕೆ ತಾನು ಹೊಣೆಯಲ್ಲವೆಂದು ಸಾಲಗಾರ ತೋರಿಸಿಕೊಡಬೇಕು. ಜೂಜು, ದುಂದುವೆಚ್ಚ, ದುಡುಕಿನ ಸಟ್ಟಾವ್ಯವಹಾರಗಳಿಂದ ದಿವಾಳಿಯಾದವನಿಗೆ ಪೂರ್ಣ ಬಿಡುಗಡೆ ಸಿಗುವುದಿಲ್ಲ. ಕಾಯಿಲೆಯಿಂದ, ವ್ಯಾಪಾರದ ನಷ್ಟದಿಂದ ಬಿದ್ದವನಿಗೆ ಸಿಗುತ್ತದೆ. ಸರಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಹುಟ್ಟಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಯಾವ ಬಿಡುಗಡೆಯಿಂದಲೂ ಕಳೆಯುವುದಿಲ್ಲ. ಬಿಡುಗಡೆಯಾಗುವವರೆಗೆ ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಕಡ ತಂದರೂ ಅಪರಾಧ. ಈ ನಡುವೆ ಸಾಲಿಗರ ಪೈಕಿ ಸಂಖ್ಯೆಯಲ್ಲಿ ಬಹುಮತ, ಮೊತ್ತದಲ್ಲಿ ಮುಕ್ಕಾಲು ಪಾಲಿನವರು ರಾಜಿಗೆ ಒಪ್ಪಿ ನ್ಯಾಯಾಲಯವೂ ಸಮ್ಮತಿಸಿದರೆ ಅಲ್ಲಿಗೇ ಮುಗಿಸುವುದೂ ಸಾಧ್ಯ. ಇದೆಲ್ಲ ವರ್ಷಗಟ್ಟಲೆ ಎಳೆಯುವ ವ್ಯವಹಾರ. ಒಬ್ಬಿಬ್ಬರಿಗಷ್ಟೇ ಸಾಲವಿದ್ದರೆ ಲೋಕ ಅದಾಲತಿನ ರಾಜಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಪಾಪವೇ?

ಕಥೋಲಿಕ ಕುಟುಂಬಗಳನ್ನು ಕಾಡುವ ಪ್ರಶ್ನೆ ಇನ್ನೊಂದಿದೆ. ಪಡೆದ ಸಾಲವನ್ನು ಹಿಂತಿರುಗಿಸುವುದು ನ್ಯಾಯದ ಕರ್ತವ್ಯವೆಂದು ಧರ್ಮಸಭೆಯ ಬೋಧನಾಗ್ರಂಥ ಕದಿಯಬಾರದೆಂಬ ಏಳನೆಯ ಆಜ್ಞೆಯ ವಿವರಣೆಯಲ್ಲೇ ಸೇರಿಸಿದೆ. ಹಾಗಿದ್ದಲ್ಲಿ ನ್ಯಾಯಾಲಯದಿಂದ ಬಿಡುಗಡೆ ಪಡೆಯುವುದು ಕಳ್ಳತನವಾಗದೇ? ನೀತಿಶಾಸ್ತ್ರದ ಹಳೆಯ ಬೋಧಕರು ಇದಕ್ಕೆ ನೀಡುತ್ತ ಬಂದ ಉತ್ತರ ಸರಳವಾದುದು: ಅಶಕ್ತನಾದವನಿಗೆ ಅಶಕ್ತನಾಗಿರುವಷ್ಟು ಕಾಲ ಕೊಡುವ ಹೊಣೆ ತಡೆಹಿಡಿಯಲ್ಪಡುತ್ತದೆ, ಶಕ್ತಿ ಮರಳಿದರೆ ಹೊಣೆ ಎಚ್ಚೆತ್ತುಕೊಳ್ಳುತ್ತದೆ. ನ್ಯಾಯಾಲಯ ಮುಕ್ತಗೊಳಿಸಿದ ಮೇಲೂ ನೆರೆಮನೆಯ ವಿಧವೆಯಿಂದ ಪಡೆದ ಹಣವನ್ನು ಸಾಧ್ಯವಾದಂತೆ ಹಿಂದಿರುಗಿಸುವುದು ಆತ್ಮಸಾಕ್ಷಿಗೆ ಬಿಟ್ಟ ವಿಚಾರ, ಕೋರ್ಟಿನದಲ್ಲ.

ಸಾಲ ಕೊಟ್ಟವನ ಕರ್ತವ್ಯವನ್ನೂ ಪವಿತ್ರ ಗ್ರಂಥ ಅಷ್ಟೇ ಖಚಿತವಾಗಿ ನುಡಿಯುತ್ತದೆ. ಏಳು ವರ್ಷಗಳಿಗೊಮ್ಮೆ ಸಾಲಮನ್ನಾ ಮಾಡಬೇಕೆಂದು ಧರ್ಮೋಪದೇಶಕಾಂಡ, ಐವತ್ತನೆಯ ಜೂಬಿಲಿ ವರ್ಷದಲ್ಲಿ ಕಳೆದುಕೊಂಡ ಹೊಲ ಮೂಲ ಕುಟುಂಬಕ್ಕೆ ಮರಳಬೇಕೆಂದು ಯಾಜಕಕಾಂಡ ವಿಧಿಸಿದವು. ಹೊಲ, ದ್ರಾಕ್ಷಾತೋಟಗಳನ್ನು ಅಡವಿಟ್ಟು ಮಕ್ಕಳನ್ನೂ ಜೀತಕ್ಕೆ ಕೊಟ್ಟ ಬಡವರ ಗೋಳನ್ನು ಕೇಳಿದ ನೆಹೆಮೀಯನು ಸಾಲ ಕೊಟ್ಟ ಧನಿಕರನ್ನು ಸಭೆ ಸೇರಿಸಿ ಗದರಿಸಿದ. ಬಡವರು ಬಡ್ಡಿಕೋರರ ಕೈಗೆ ಬೀಳದಿರಲೆಂದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರಯತ್ನದಿಂದ 1462ರಲ್ಲಿ ಇಟಲಿಯ ಪೆರುಜಿಯಾ ನಗರದಲ್ಲಿ ಅಡವು ಸಾಲದ ಧರ್ಮನಿಧಿಯೊಂದು ಆರಂಭವಾಯಿತು. 1515ರಲ್ಲಿ ಲ್ಯಾಟರನ್ ಮಹಾಸಭೆ ಅಂಥ ನಿಧಿಗಳಿಗೆ ಒಪ್ಪಿಗೆಯಿತ್ತಿತು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಮೊನ್ನೆಯ 2025ರ ಜೂಬಿಲಿ ವರ್ಷದ ಘೋಷಣಾ ಪತ್ರದಲ್ಲಿ ಪೋಪ್ ಫ್ರಾನ್ಸಿಸರು, ತೀರಿಸಲಾರದ ಬಡ ರಾಷ್ಟ್ರಗಳ ಸಾಲವನ್ನು ಮನ್ನಾ ಮಾಡುವಂತೆ ಸಿರಿವಂತ ರಾಷ್ಟ್ರಗಳನ್ನು ಬೇಡಿಕೊಂಡರು. ರಾಷ್ಟ್ರಗಳ ಮಾತು ಹಾಗಿರಲಿ, ತಾನು ಕೊಟ್ಟ ಕೈಸಾಲದ ಬಡ್ಡಿಯನ್ನು ಆ ವರ್ಷ ಬಿಟ್ಟುಕೊಟ್ಟವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿಯೋ!

ಸತ್ತವರ ಸಾಲದ ಬಗ್ಗೆಯೂ ಒಂದು ಮಾತು ಉಳಿದಿದೆ. ಗಂಡ ತೀರಿಕೊಂಡ ವಾರದೊಳಗೆ ವಿಧವೆಯ ಮುಂದೆ ಕಾಗದ ಹಿಡಿದು ‘ಹೊಣೆ ನನ್ನದು’ ಎಂದು ಸಹಿ ಪಡೆಯಲು ಬರುವವರಿದ್ದಾರೆ. ವಾರಸುದಾರರ ಹೊಣೆ ಮೃತನು ಬಿಟ್ಟುಹೋದ ಸೊತ್ತಿನಿಂದ ಅವರ ಕೈಸೇರಿದ ಪಾಲಿನ ಮಟ್ಟಿಗೆ ಮಾತ್ರ. ತಾನು ಸಾಲಪತ್ರಕ್ಕೆ ಜೊತೆಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಹಾಕಿಲ್ಲದಿದ್ದರೆ ಹೆಂಡತಿ ತನ್ನ ಸ್ವಂತ ದುಡಿಮೆಯಿಂದ, ತವರಿನ ಚಿನ್ನದಿಂದ ಗಂಡನ ಸಾಲ ತೀರಿಸಬೇಕಾಗಿಲ್ಲ. ದುಃಖದ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಹಾಕದೆ, ಅದರ ನಕಲನ್ನು ಕೇಳಿ ಪಡೆದು ವಕೀಲರಿಗೆ ತೋರಿಸುವುದು ಲೇಸು. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಅರ್ಜಿಯನ್ನು ಜಿಲ್ಲಾ ಅಥವಾ ತಾಲೂಕು ಕಾನೂನು ಸೇವೆಗಳ ಕಚೇರಿಯಲ್ಲಿ ಕೊಡಬಹುದು. ಹೋಗುವಾಗ ಸಾಲಪತ್ರದ ನಕಲು, ಕಂತು ಕಟ್ಟಿದ ರಶೀದಿಗಳು, ಬಂದಿರುವ ನೋಟೀಸುಗಳನ್ನು ಅವುಗಳ ಲಕೋಟೆ ಸಹಿತ ಒಯ್ಯಬೇಕು. ನೋಟೀಸು ಯಾವ ದಿನ ತಲಪಿತೆಂಬುದಕ್ಕೆ ಅಂಚೆಯ ಮುದ್ರೆಯೇ ಅನೇಕ ಬಾರಿ ಸಾಕ್ಷಿಯಾಗುತ್ತದೆ.